ಮಗ್ಗುಲು ತಿರುಗಿಸುವ ಕೈಗಳು

ಭಾದ್ರಪದ ಮಾಸದಲ್ಲಿ ನಮ್ಮ ಬಸದಿಗಳಲ್ಲಿ ಷೋಡಶಕಾರಣ ಭಾವನೆಗಳ ಪೂಜೆ ನಡೆಯುತ್ತದೆ. ದರ್ಶನವಿಶುದ್ಧಿಯಿಂದ ಆರಂಭವಾಗುವ ಆ ಹದಿನಾರರ ಸಾಲಿನಲ್ಲಿ ವೈಯಾವೃತ್ಯ ಒಂಬತ್ತನೆಯದು. ಆರು ಅಂತರಂಗ ತಪಸ್ಸುಗಳನ್ನು ಎಣಿಸುವಾಗ ಪ್ರಾಯಶ್ಚಿತ್ತ, ವಿನಯಗಳ ನಂತರ ಬರುವುದೂ ವೈಯಾವೃತ್ಯವೇ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅದನ್ನು ಶ್ರಾವಕನ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದೆಂದು ಹೇಳಿದ್ದಾರೆ. ಯಾರ ಸೇವೆ ಮಾಡಬೇಕೆಂದು ತತ್ತ್ವಾರ್ಥಸೂತ್ರ ಹತ್ತು ಹೆಸರು ಕೊಡುತ್ತದೆ. ಆಚಾರ್ಯ, ಉಪಾಧ್ಯಾಯ, ತಪಸ್ವಿಗಳ ಸಾಲಿನಲ್ಲಿಯೇ ‘ಗ್ಲಾನ’ ಎಂಬ ಹೆಸರೂ ಇದೆ. ಗ್ಲಾನ ಎಂದರೆ ರೋಗದಿಂದ ಬಳಲಿದವನು.

ಇಷ್ಟೆಲ್ಲ ಓದಿ, ಅರ್ಘ್ಯ ಬಿಟ್ಟು ಮನೆಗೆ ಬರುವ ನಮ್ಮ ಸಮಾಜದಲ್ಲಿ ಹುಡುಗಿಯೊಬ್ಬಳು ‘ನಾನು ನರ್ಸಿಂಗ್ ಕಲಿಯುತ್ತೇನೆ’ ಎಂದರೆ ಹಿರಿಯರ ಹುಬ್ಬು ಮೇಲೇರುತ್ತದೆ. ಡಾಕ್ಟರಾಗಲಿ, ಫಾರ್ಮಸಿ ಓದಿ ಔಷಧದ ಅಂಗಡಿ ಇಡಲಿ, ಸಿ.ಎ. ಮಾಡಿ ಮನೆಯ ಲೆಕ್ಕ ನೋಡಲಿ. ನರ್ಸ್ ಮಾತ್ರ ಬೇಡ. ಇದು ಒಂದು ಮನೆಯ ಮಾತಲ್ಲ. ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ವ್ಯಾಪಾರಸ್ಥ ಮನೆತನಗಳಲ್ಲಿ ಬಹಳ ಕಡೆ ಕೇಳಿಬರುವ ಮಾತು. ಈ ಕುರಿತು ನಮಗೆ ತಿಳಿದಷ್ಟನ್ನು ವಾಚಕ ಬಂಧುಗಳ ಮುಂದಿಡಬೇಕೆನಿಸಿತು.

ನಾವು ಎಂದರೆ ಒಂದೇ ಮನೆಯ ಮೂವರು ನೆಗೆಣ್ಣಿಯರು. ಬರೆಯುವ ಕೈ ಒಂದು, ಮಾತು ಮೂವರದು. ಅಕ್ಕಲಕೋಟೆಯಲ್ಲಿ ನಮ್ಮದು ಕಾಳುಕಡಿಯ ಅಡತಿ ಅಂಗಡಿ. ಮನೆಯ ಕಿರಿಯ ಮಗಳು ಹನ್ನೆರಡನೆಯ ತರಗತಿಯ ವಿಜ್ಞಾನ ಮುಗಿಸಿ ಬಿ.ಎಸ್ಸಿ. ನರ್ಸಿಂಗ್ ಸೇರುವ ಇಚ್ಛೆ ಹೇಳಿದಾಗ ಹಿರಿಯ ಭಾವನವರು ಗದರಲಿಲ್ಲ. ವ್ಯಾಪಾರಿಗೆ ತಕ್ಕಂತೆ ನಾಲ್ಕು ಪ್ರಶ್ನೆ ಕೇಳಿದರು. ಒಂದು, ಅನ್ಯರ ಮಲಮೂತ್ರ ತೆಗೆಯುವ ಕೆಲಸ ನಮ್ಮ ಮನೆತನಕ್ಕೆ ಒಪ್ಪುತ್ತದೆಯೇ? ಎರಡು, ರಾತ್ರಿ ಪಾಳಿಯಲ್ಲಿ ಹುಡುಗಿಗೆ ರಕ್ಷಣೆ ಏನು? ಮೂರು, ಊಟ-ನೇಮಗಳ ಗತಿ ಏನು? ನಾಲ್ಕು, ಎಲ್ಲ ಕೆಲಸಕ್ಕೂ ಯಂತ್ರ ಬರುತ್ತಿರುವಾಗ, ನಾಲ್ಕು ವರ್ಷ ಕಲಿತು ಹೊರಬರುವ ಹೊತ್ತಿಗೆ ನರ್ಸಿನ ಕೆಲಸವೇ ಉಳಿದಿರುತ್ತದೆಯೇ? ನಾಲ್ಕೂ ಪ್ರಶ್ನೆ ತೂಕದವು. ಒಂದೊಂದಾಗಿ ನೋಡೋಣ.

ಮನೆಯಲ್ಲಿ ಕಲಿತ ಪಾಠ

ನರ್ಸಿನ ಕೆಲಸ ಏನೆಂಬುದನ್ನು ನಾವು ಪುಸ್ತಕದಿಂದ ತಿಳಿದವರಲ್ಲ. 2022ರ ಚಳಿಗಾಲದಲ್ಲಿ ನಮ್ಮ ಅತ್ತೆಯವರು ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ತೊಡೆಯ ಮೇಲ್ಭಾಗದ ಎಲುಬು ಮುರಿದುಕೊಂಡರು. ಆಗ ಅವರಿಗೆ 82 ವರ್ಷ. ಸೋಲಾಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮನೆಗೆ ಬಂದ ಮೇಲೆ ಎರಡು ತಿಂಗಳು ಹೆಚ್ಚಿನ ಹೊತ್ತು ಹಾಸಿಗೆಯಲ್ಲಿಯೇ ಕಳೆಯಬೇಕಾಯಿತು. ದಿನಾ ಬೆಳಿಗ್ಗೆ ಎರಡು ತಾಸು ಬರಲು ಒಬ್ಬ ನರ್ಸನ್ನು ಗೊತ್ತುಮಾಡಿದೆವು. ಅಫಜಲಪುರ ಕಡೆಯ ಹುಡುಗಿ, ನಮ್ಮ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು.

ಆಕೆ ಬಂದ ಮೊದಲ ದಿನವೇ ಹಾಸಿಗೆಯ ಚಾದರದ ಸುಕ್ಕು ಎಳೆದು ಸರಿಮಾಡಿದಳು. ಮಲಗಿಯೇ ಇರುವವರಿಗೆ ಚಾದರದ ಒಂದು ಮಡಿಕೆಯೂ ಹುಣ್ಣಿಗೆ ದಾರಿ ಎಂದಳು. ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು. ಬದಲಿಸುವಾಗ ಮೈಯನ್ನು ಎಳೆಯಬಾರದು, ಸೊಂಟದ ಕೆಳಗೆ ಹಾಸಿದ ಅಡ್ಡ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಬೇಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಡಬೇಕು. ಬೆನ್ನಿನ ಕೆಳಭಾಗದಲ್ಲಿ ಕೆಂಪು ಕಂಡರೆ ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಾಗ ಬಿಳುಪಾಗಿ ಮತ್ತೆ ಕೆಂಪಾದರೆ ಸರಿ, ಒತ್ತಿದರೂ ಕೆಂಪು ಹಾಗೇ ಉಳಿದರೆ ಹುಣ್ಣು ಒಳಗೇ ಆರಂಭವಾಗಿದೆ ಎಂದರ್ಥ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು. ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನೂ ಪೆಟ್ಟು.

ನಮ್ಮ ಅತ್ತೆಯವರಿಗೆ ಸೂರ್ಯಾಸ್ತದ ನಂತರ ಅನ್ನ-ನೀರು ಎರಡೂ ಇಲ್ಲ. ಈ ನೇಮವನ್ನು ಕೇಳಿ ಆಸ್ಪತ್ರೆಯಲ್ಲಿ ಕೆಲವರು ಮುಖ ಸಿಂಡರಿಸಿದ್ದರು. ಈ ಹುಡುಗಿ ಮಾತ್ರ ಪಂಚಾಂಗ ನೋಡಿ ಸೂರ್ಯೋದಯ, ಸೂರ್ಯಾಸ್ತದ ವೇಳೆ ಬರೆದುಕೊಂಡಳು. ಡಾಕ್ಟರಿಗೆ ಫೋನ್ ಮಾಡಿ, ಅವರ ಒಪ್ಪಿಗೆ ಪಡೆದು, ಗುಳಿಗೆಗಳ ವೇಳೆಯನ್ನು ಹಗಲಿಗೆ ಹೊಂದಿಸಿದಳು. ಆಮೇಲೆ ಅತ್ತೆಯವರ ಹತ್ತಿರ ಕುಳಿತು, “ಅಜ್ಜಿ, ನಿಮ್ಮ ನೇಮ ನಾ ಮುರಿಯಂಗಿಲ್ರಿ. ನನ್ನ ನೇಮ ನೀವೂ ಮುರೀಬ್ಯಾಡ್ರಿ. ಹಗಲೆಲ್ಲಾ ತಾಸಿಗೊಂದ್ ಗ್ಲಾಸ್ ನೀರು” ಎಂದಳು. ಆ ದಿನದಿಂದ ಕಾಸಿ ಆರಿಸಿದ ನೀರಿನ ಗ್ಲಾಸುಗಳನ್ನು ಅತ್ತೆಯವರು ತಾವೇ ಎಣಿಸತೊಡಗಿದರು.

ಭಾವನವರು ಅಂಗಡಿಯಿಂದ ಒಂದು ಹೊಸ ಕೀರ್ದಿ ಪುಸ್ತಕ ತಂದುಕೊಟ್ಟರು. ಅದರಲ್ಲಿ ವೇಳೆ, ಎಡ ಮಗ್ಗುಲು ಅಥವಾ ಬಲ ಮಗ್ಗುಲು, ನೀರು, ಊಟ, ಮೂತ್ರ, ಜ್ವರ ಎಂದು ಮನೆ ಹಾಕಿ ಬರೆದಿಟ್ಟೆವು. ಮೂವರೂ ಪಾಳಿ ಹಂಚಿಕೊಂಡೆವು. ಎರಡು ತಿಂಗಳಲ್ಲಿ ಅತ್ತೆಯವರ ಮೈಮೇಲೆ ಒಂದೂ ಹಾಸಿಗೆ ಹುಣ್ಣು ಏಳಲಿಲ್ಲ. ವಾಕರ್ ಹಿಡಿದು ಬಾಗಿಲ ತನಕ ನಡೆದ ದಿನ ಅತ್ತೆಯವರು ಮೊದಲು ಕೈಮುಗಿದದ್ದು ಭಗವಂತನಿಗೆ, ಆಮೇಲೆ ಆ ಹುಡುಗಿಗೆ. ಆಕೆ ನಾಚಿ ಪಕ್ಕಕ್ಕೆ ಸರಿದು ನಿಂತಳು.

ನಮ್ಮ ಗ್ರಂಥದಲ್ಲಿರುವ ಪಾಳಿಪಟ್ಟಿ

ಈಗ ಭಾವನವರ ಮೊದಲ ಪ್ರಶ್ನೆಗೆ ಬರೋಣ. ಈ ಕೆಲಸ ನಮ್ಮ ಪರಂಪರೆಗೆ ಒಪ್ಪುತ್ತದೆಯೇ? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಶಿವಾರ್ಯರ ಭಗವತೀ ಆರಾಧನೆ ನಮ್ಮ ಪ್ರಾಚೀನ ಗ್ರಂಥ. ಕನ್ನಡದ ಹಳೆಯ ಗದ್ಯಕೃತಿಯಾದ ವಡ್ಡಾರಾಧನೆಯ 19 ಕಥೆಗಳಿಗೂ ಅದರ ಗಾಹೆಗಳಿಗೂ ಇರುವ ಸಂಬಂಧ ಕನ್ನಡ ಓದಿದವರಿಗೆ ಗೊತ್ತಿದೆ. ಆ ಗ್ರಂಥದಲ್ಲಿ ಸಲ್ಲೇಖನೆ ಕೈಗೊಂಡ ಕ್ಷಪಕನ ಶುಶ್ರೂಷೆಗೆ 48 ಮಂದಿ ನಿರ್ಯಾಪಕರು ಇರಬೇಕೆಂದು ಹೇಳಿದೆ. ಅವರನ್ನು ನಾಲ್ವರಂತೆ ತಂಡ ಮಾಡಿ ಕೆಲಸ ಹಂಚಲಾಗಿದೆ. ಕ್ಷಪಕನನ್ನು ಎತ್ತಲು, ಕೂರಿಸಲು, ಮಗ್ಗುಲು ಬದಲಿಸಲು ನಾಲ್ವರು. ಧರ್ಮಕಥೆ ಹೇಳಿ ಮನಸ್ಸನ್ನು ಸ್ಥಿರವಾಗಿಡಲು ನಾಲ್ವರು. ಆಹಾರಕ್ಕೆ ಬೇರೆ, ಪಾನಕ್ಕೆ ಬೇರೆ. ಮಲಮೂತ್ರ ತೆಗೆಯಲು ನಾಲ್ವರು. ಬಾಗಿಲು ಕಾಯಲು, ರಾತ್ರಿ ನಿದ್ದೆಗೆಟ್ಟು ಎಚ್ಚರವಿರಲು ಬೇರೆ ಬೇರೆ ತಂಡ. ಅಷ್ಟು ಮಂದಿ ಸಿಗದ ಕಾಲದಲ್ಲಿಯೂ ಕನಿಷ್ಠ ಇಬ್ಬರು ಇರಲೇಬೇಕು. ಒಬ್ಬನೇ ಇದ್ದರೆ ಅವನು ಆಹಾರಕ್ಕೆ ಹೋದಾಗ ಕ್ಷಪಕ ಒಬ್ಬಂಟಿಯಾಗುತ್ತಾನೆ, ಹೋಗದಿದ್ದರೆ ಸೇವೆ ಮಾಡುವವನೇ ಬಳಲುತ್ತಾನೆ.

ಈ ವಿವರ ಓದಿದಾಗ ನಮಗೆ ಆಶ್ಚರ್ಯವಾಯಿತು. ಇಂದಿನ ಆಸ್ಪತ್ರೆಯ ಗೋಡೆಯ ಮೇಲೆ ಅಂಟಿಸಿರುವ ಪಾಳಿಪಟ್ಟಿಯೂ ಇದೇ ಅಲ್ಲವೇ? ಮಲಮೂತ್ರ ತೆಗೆಯುವವರನ್ನು ಧರ್ಮಕಥೆ ಹೇಳುವವರಿಗಿಂತ ಕೆಳಗೆ ಕೂರಿಸಿಲ್ಲ. ಇಬ್ಬರೂ ನಿರ್ಯಾಪಕರೇ. ಸೇವಕನೂ ಮನುಷ್ಯ, ಅವನಿಗೂ ಅನ್ನ-ವಿಶ್ರಾಂತಿ ಬೇಕು ಎಂಬ ಮಾತು ಅಂದೇ ಸೂತ್ರವಾಗಿದೆ.

ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾಗಿ ಪಾಠಶಾಲೆಯ ಮಕ್ಕಳಿಗೆ ಹೇಳುವುದು ಉದ್ದಾಯನ ರಾಜನ ಕಥೆ. ದೇವನೊಬ್ಬ ರೋಗಿಷ್ಠ ಮುನಿಯ ವೇಷದಲ್ಲಿ ಬಂದು ಆಹಾರ ಸೇವಿಸಿ, ದುರ್ಗಂಧದ ವಾಂತಿ ಮಾಡಿದ. ಪರಿಜನರು ಓಡಿಹೋದರು. ರಾಜ-ರಾಣಿಯರು ಹೇಸದೆ ಮೈ ತೊಳೆದು ಉಪಚರಿಸಿದರು. ಈ ಕಥೆಯನ್ನು ಮಕ್ಕಳಿಗೆ ಭಕ್ತಿಯಿಂದ ಹೇಳುವ ನಾವು, ಆ ರಾಣಿಯ ಕೆಲಸವನ್ನೇ ದಿನಕ್ಕೆ ಎಂಟು ತಾಸು ಮಾಡುವ ಹುಡುಗಿಯನ್ನು ಹಗುರವಾಗಿ ಕಾಣುವುದು ಹೊಂದಿಕೆಯಾಗುವುದಿಲ್ಲ. ಸಾಧುಗಳ ಸೇವೆಗೂ ಸಂಬಳದ ಚಾಕರಿಗೂ ವ್ಯತ್ಯಾಸವಿದೆ ಎಂದು ಕೆಲವರು ಹೇಳಬಹುದು. ನಿಜ, ವ್ಯತ್ಯಾಸವಿದೆ. ಆದರೆ ಡಾಕ್ಟರೂ ಸಂಬಳ ಪಡೆಯುತ್ತಾರೆ, ಅವರಿಗೆ ನಾವು ಹಾರ ಹಾಕುತ್ತೇವೆ.

ನಮ್ಮ ಸೀಮೆಯ ಸೇವಕಿಯರು

ಆಧುನಿಕ ನರ್ಸಿಂಗ್ ಎಂದೊಡನೆ ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಬರುತ್ತದೆ. ಆಕೆ ಹುಟ್ಟಿದ ಮೇ 12ನೆಯ ದಿನವೇ ಅಂತರರಾಷ್ಟ್ರೀಯ ದಾದಿಯರ ದಿನ. 1854ರಲ್ಲಿ 38 ಮಂದಿ ಮಹಿಳೆಯರನ್ನು ಕರೆದುಕೊಂಡು ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಗೆ ಹೋದ ಆಕೆಯನ್ನು ಎಲ್ಲರೂ ‘ದೀಪಧಾರಿಣಿ’ ಎಂದು ನೆನೆಯುತ್ತಾರೆ. ವ್ಯಾಪಾರಸ್ಥರಾದ ನಮಗೆ ಆಕೆಯ ಇನ್ನೊಂದು ಗುಣ ಹೆಚ್ಚು ಹಿಡಿಸಬೇಕು. ಆಕೆ ಲೆಕ್ಕದಲ್ಲಿ ಗಟ್ಟಿಗಳು. ಸೈನಿಕರು ಗುಂಡೇಟಿಗಿಂತ ಹೆಚ್ಚಾಗಿ ಆಮಶಂಕೆ, ಕಾಲರಾ, ವಿಷಮಜ್ವರಗಳಿಂದ ಸಾಯುತ್ತಿದ್ದಾರೆಂದು ಅಂಕಿಗಳನ್ನು ಚಿತ್ರವಾಗಿ ಬರೆದು ಸರಕಾರದ ಮುಂದೆ ಇಟ್ಟಳು. 1855ರಲ್ಲಿ ಚರಂಡಿ, ನೀರು, ಗಾಳಿಗಳ ವ್ಯವಸ್ಥೆ ಸುಧಾರಿಸಿದ ಮೇಲೆ ಸಾವು ಇಳಿಯಿತು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಮಾಡಿಕೊಂಡಿತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ತರಬೇತಿ ಶಾಲೆ ತೆರೆಯಿತು. ದೀಪದಷ್ಟೇ ಕೀರ್ದಿ ಪುಸ್ತಕವೂ ನರ್ಸಿನ ಕೈಯ ಸಾಧನವೆಂಬುದು ಅಲ್ಲಿಂದ ಬಂದ ಪಾಠ.

ನಮ್ಮ ಸೀಮೆಗೆ ಬಂದರೆ, ಮಿರಜಿನಲ್ಲಿ 1894ರಲ್ಲಿ ಡಾ. ವಾನ್ಲೆಸ್ ಅವರ ಮಿಶನ್ ಆಸ್ಪತ್ರೆ ತೆರೆದ ಮೇಲೆ ಗಡಿಯ ಎರಡೂ ಬದಿಯ ರೋಗಿಗಳಿಗೆ ಅದೇ ದೊಡ್ಡ ಆಸರೆಯಾಯಿತು. ಪುಣೆಯಲ್ಲಿ ಪ್ಲೇಗ್ ಬಂದ 1897ರಲ್ಲಿ ಸಾವಿತ್ರಿಬಾಯಿ ಫುಲೆಯವರು ರೋಗಿ ಬಾಲಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗನ ಚಿಕಿತ್ಸಾಲಯಕ್ಕೆ ತಂದರು. ಅದೇ ರೋಗ ತಗಲಿ ಮಾರ್ಚ್ 10ರಂದು ತೀರಿಕೊಂಡರು. ಹೆಣ್ಣುಮಕ್ಕಳ ಶಿಕ್ಷಕಿಯೆಂದು ಪ್ರಸಿದ್ಧರಾದ ಅವರ ಕೊನೆಯ ಕೆಲಸ ಶುಶ್ರೂಷೆಯಾಗಿತ್ತು. 1909ರಲ್ಲಿ ರಮಾಬಾಯಿ ರಾನಡೆಯವರ ನೇತೃತ್ವದಲ್ಲಿ ಆರಂಭವಾದ ಪುಣೆಯ ಸೇವಾಸದನ, ತವರಿಗೂ ಭಾರ, ಅತ್ತೆಮನೆಗೂ ಭಾರ ಎನಿಸಿಕೊಂಡಿದ್ದ ವಿಧವೆಯರನ್ನು ಸಸೂನ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಕಳಿಸಿತು. ಮೇಲ್ಜಾತಿಯ ಹೆಣ್ಣು ಪರರ ಮೈ ಮುಟ್ಟುವುದೇ ಎಂದು ಅಂದೂ ಕೇಳಿದರು. ಇಂದು ನಮ್ಮ ಅಂಗಳದಲ್ಲಿ ಕೇಳುತ್ತಿರುವುದೂ ಅದೇ ಪ್ರಶ್ನೆ.

ಸೋಲಾಪುರದವರಿಗೆ ಡಾ. ದ್ವಾರಕಾನಾಥ ಕೋಟ್ನಿಸರ ಹೆಸರು ಹೇಳಬೇಕಾಗಿಲ್ಲ. 1910ರಲ್ಲಿ ಇಲ್ಲಿ ಹುಟ್ಟಿ, 1938ರಲ್ಲಿ ಚೀನಾಕ್ಕೆ ಹೋಗಿ ಯುದ್ಧದ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ 32ನೆಯ ವಯಸ್ಸಿಗೇ ತೀರಿಕೊಂಡರು. ಶಾಂತಾರಾಮರು 1946ರಲ್ಲಿ ಅವರ ಮೇಲೆ ಚಿತ್ರ ತೆಗೆದರು. ಆದರೆ ಅವರು 1941ರಲ್ಲಿ ಮದುವೆಯಾದ ಗುವೊ ಚಿಂಗ್‌ಲಾನ್ ನರ್ಸಿಂಗ್ ಕಲಿಸುವ ಶಿಕ್ಷಕಿಯಾಗಿದ್ದರೆಂಬುದು ಎಷ್ಟು ಮಂದಿಗೆ ನೆನಪಿದೆ? ಯುದ್ಧಭೂಮಿಯ ಆಸ್ಪತ್ರೆಯಲ್ಲಿ ಡಾಕ್ಟರು ಕತ್ತರಿಸಿ ಹೊಲಿದ ದೇಹವನ್ನು ಬದುಕಿಸಿಕೊಡುವುದು ನರ್ಸಿನ ರಾತ್ರಿಗಳು. ಸ್ಮಾರಕಗಳಲ್ಲಿ ಡಾಕ್ಟರ ಹೆಸರಿರುತ್ತದೆ. ನರ್ಸಿನ ಹೆಸರು ಅಪರೂಪ.

42 ವರ್ಷಗಳ ರಾತ್ರಿ ಪಾಳಿ

ಎರಡನೆಯ ಪ್ರಶ್ನೆ ರಕ್ಷಣೆಯದು. ಇದನ್ನು ಹಾರಿಕೆಯ ಮಾತಿನಿಂದ ಮುಚ್ಚಲಾಗದು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅಲ್ಲಿನ ನೌಕರನೊಬ್ಬ ಕ್ರೂರ ಹಲ್ಲೆ ಮಾಡಿದ. ಮಿದುಳಿಗೆ ಪೆಟ್ಟಾಗಿ ಆಕೆ ಮತ್ತೆ ಏಳಲಿಲ್ಲ. ಆಗ ಆಕೆಗೆ 25 ವರ್ಷ. ಮದುವೆ ನಿಶ್ಚಯವಾಗಿತ್ತು. ಹೆಣ್ಣು ಹೆತ್ತವರ ಹೆದರಿಕೆ ಸುಳ್ಳಲ್ಲವೆಂಬುದಕ್ಕೆ ಇಷ್ಟೇ ಸಾಕು.

ಆದರೆ ಆ ಕಥೆಯ ಇನ್ನೊಂದು ಅರ್ಧವನ್ನೂ ಹೇಳಬೇಕು. 2015ರ ಮೇ 18ರಂದು ಆಕೆ ತೀರಿಕೊಳ್ಳುವ ತನಕ, ಅಂದರೆ ನಾಲ್ಕು ದಶಕಗಳ ಮೇಲೆ, ಕೆ.ಇ.ಎಂ. ನರ್ಸುಗಳೇ ಆಕೆಯನ್ನು ನೋಡಿಕೊಂಡರು. ಊಟ ನುಣ್ಣಗೆ ಮಾಡಿ ಉಣಿಸಿದರು, ಮೈ ತೊಳೆದರು, ಮಗ್ಗುಲು ಬದಲಿಸಿದರು. ನಿವೃತ್ತರಾದವರು ಹೊಸಬರಿಗೆ ಒಪ್ಪಿಸಿ ಹೋದರು. ಅರುಣಾರೊಂದಿಗೆ ಒಂದು ದಿನವೂ ಕೆಲಸ ಮಾಡಿರದ ಹುಡುಗಿಯರು ಆಕೆಯನ್ನು ತಮ್ಮವಳೆಂದುಕೊಂಡರು. ದಯಾಮರಣದ ಅರ್ಜಿಯ ಬಗ್ಗೆ 2011ರ ಮಾರ್ಚ್ 7ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಇಷ್ಟು ವರ್ಷ ಹಾಸಿಗೆ ಹಿಡಿದರೂ ಹಾಸಿಗೆ ಹುಣ್ಣಾಗದಂತೆ ನೋಡಿಕೊಂಡ ಈ ನರ್ಸುಗಳನ್ನು ಹೊಗಳಿತು. ಎರಡು ತಿಂಗಳು ಒಬ್ಬರ ಮಗ್ಗುಲು ತಿರುಗಿಸಿದ ನಮಗೆ ಆ 42 ವರ್ಷಗಳ ತೂಕ ಅಂದಾಜಾಗುತ್ತದೆ.

ಆದ್ದರಿಂದ ರಕ್ಷಣೆಯ ಪ್ರಶ್ನೆಗೆ ನಮ್ಮ ಉತ್ತರ ಹೀಗಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಕಿರುಕುಳ ತಡೆಯಲು 2013ರ ಕಾಯಿದೆ ಇದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಮಗಳನ್ನು ಸೇರಿಸುವ ಮೊದಲು ಆ ಸಮಿತಿ ಇದೆಯೇ, ವಸತಿ ಆವರಣದೊಳಗಿದೆಯೇ, ರಾತ್ರಿ ಪಾಳಿಗೆ ಒಬ್ಬಳನ್ನೇ ನಿಲ್ಲಿಸುತ್ತಾರೆಯೇ, ಬಟ್ಟೆ ಬದಲಿಸುವ ಕೋಣೆಗೆ ಒಳಚಿಲಕವಿದೆಯೇ ಎಂದು ಕೇಳಿ ತಿಳಿಯಬೇಕು. ಸರಕಿನ ಗುಣ ಪರೀಕ್ಷಿಸದೆ ಒಂದು ಮೂಟೆ ತೊಗರಿ ಕೊಳ್ಳದವರು ನಾವು. ಮಗಳ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನ ಪರೀಕ್ಷೆ ಇರಲಿ. ಮನೆಯಲ್ಲೇ ಕೂರಿಸುವುದೊಂದೇ ಪರಿಹಾರವಾಗಬೇಕಿಲ್ಲ.

ಮೂರನೆಯ ಪ್ರಶ್ನೆಯ ಉತ್ತರ ಸಣ್ಣದು. ಪಾಳಿಗೆ ಹೊರಡುವ ಮೊದಲು ಹಗಲಲ್ಲೇ ಉಂಡು ಹೋಗುವುದು, ಬೆಳಿಗ್ಗೆ ಬಂದು ಪಾರಣೆ ಮಾಡುವುದು ಕಷ್ಟವಾದರೂ ಅಸಾಧ್ಯವಲ್ಲ ಎಂದು ಮಗಳೇ ಹೇಳಿದ್ದಾಳೆ. ಬೇರೆ ಊರುಗಳಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಗಂಡುಮಕ್ಕಳ ನೇಮದ ಬಗ್ಗೆ ಇಷ್ಟು ವಿಚಾರಣೆ ನಡೆದದ್ದು ನಮಗೆ ನೆನಪಿಲ್ಲ.

ಯಂತ್ರಕ್ಕೆ ಬಿಟ್ಟದ್ದು, ಕೈಗೆ ಉಳಿದದ್ದು

ಇನ್ನು ನಾಲ್ಕನೆಯ ಪ್ರಶ್ನೆ: ಯಂತ್ರಗಳು ಬಂದ ಮೇಲೆ ನರ್ಸ್ ಏಕೆ? ಇದಕ್ಕೆ ಹಿಂದಿನ ಯಂತ್ರಗಳ ಕಥೆಯೇ ಉತ್ತರ ಹೇಳುತ್ತದೆ. 1860ರ ದಶಕದ ತನಕ ಜ್ವರ ನೋಡುವ ಥರ್ಮಾಮೀಟರು ಸುಮಾರು ಒಂದು ಅಡಿ ಉದ್ದವಿತ್ತು. ಒಂದು ಸಲ ನೋಡಲು 20 ನಿಮಿಷ ಬೇಕಿತ್ತು. ಇಂಗ್ಲೆಂಡಿನ ಡಾ. ಆಲ್ಬಟ್ ಅದನ್ನು ಆರು ಅಂಗುಲಕ್ಕೆ, ಐದು ನಿಮಿಷಕ್ಕೆ ಇಳಿಸಿದರು. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆಯುವ ಸಾಧನ ಮಾಡಿದರು. ಜಪಾನಿನ ತಕುವೊ ಅವೊಯಾಗಿ 1974ರಲ್ಲಿ ರೂಪಿಸಿದ ತತ್ತ್ವದಿಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಬಂತು. 2020ರಲ್ಲಿ ಜಗತ್ತಿಗೆಲ್ಲ ಅದರ ಅಗತ್ಯ ಬಿದ್ದ ಏಪ್ರಿಲ್ ತಿಂಗಳಲ್ಲೇ ಅವರು ತೀರಿಕೊಂಡರು. ಕೋವಿಡ್ ಕಾಲದಲ್ಲಿ ಎಷ್ಟೋ ವ್ಯಾಪಾರಸ್ಥ ಮನೆಗಳ ಗಲ್ಲೆಯ ಪಕ್ಕದಲ್ಲಿ ಒಂದು ಆಕ್ಸಿಮೀಟರು ಬಂದು ಕೂತಿತು.

ಈ ಒಂದೊಂದು ಸಾಧನ ಬಂದಾಗಲೂ ನರ್ಸಿನ ಹೊತ್ತು ಉಳಿಯಿತು, ಕೆಲಸ ಹೋಗಲಿಲ್ಲ. ಜೊತೆಗೆ ಹೊಸ ಜಾಣತನ ಬೇಕಾಯಿತು. ಆಕ್ಸಿಮೀಟರನ್ನೇ ನೋಡಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅದು ಆಮ್ಲಜನಕವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದೆಂದು 2020ರಲ್ಲಿ ಅಮೆರಿಕದ ವೈದ್ಯರ ಅಧ್ಯಯನವೊಂದು ಎಚ್ಚರಿಸಿತು. ಪರದೆಯ ಮೇಲೆ 95 ಎಂದಿದ್ದರೂ ರೋಗಿ ಮೂಗಿನ ಹೊಳ್ಳೆ ಅರಳಿಸಿ ಉಸಿರಾಡುತ್ತಿದ್ದರೆ ಯಾವುದನ್ನು ನಂಬಬೇಕು? ನುರಿತ ನರ್ಸ್ ರೋಗಿಯನ್ನು ನಂಬುತ್ತಾಳೆ.

ಈಗ ಕೃತಕ ಬುದ್ಧಿಮತ್ತೆಯ ಕಾಲ. ರೋಗಿಯ ನಾಡಿ, ಉಸಿರು, ಒತ್ತಡಗಳ ಅಂಕಿಗಳನ್ನು ಕಂಪ್ಯೂಟರು ಸದಾ ಓದುತ್ತಿದ್ದು, ರಕ್ತದಲ್ಲಿ ನಂಜೇರುವ ಮುನ್ಸೂಚನೆ ಕೊಡಬಲ್ಲದು ಎನ್ನುತ್ತಾರೆ. ಇದು ಒಳ್ಳೆಯದೇ. ಆದರೆ ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಇಂಥ ಒಂದು ವ್ಯವಸ್ಥೆಯನ್ನು ಮಿಶಿಗನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದಾಗ, ನಂಜೇರಿದ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿಯನ್ನು ಅದು ಗುರುತಿಸಿರಲಿಲ್ಲ. ಇನ್ನೊಂದೆಡೆ ಸುಳ್ಳು ಎಚ್ಚರಿಕೆಗಳು ಬಹಳ. ನಾಳೆ ಇವು ಸುಧಾರಿಸಬಹುದು. ಸುಧಾರಿಸಿದರೂ, ಗಂಟೆ ಬಾರಿಸಿದ ಮೇಲೆ ಎದ್ದು ಹೋಗುವವರು ಬೇಕಲ್ಲ?

ರೋಬಾಟುಗಳೂ ಬಂದಿವೆ. ಕೇರಳದ ಕಳಮಶ್ಶೇರಿಯ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ 2020ರಲ್ಲಿ ‘ಕರ್ಮಿ-ಬಾಟ್’ ಎಂಬ ಯಂತ್ರ ಕೋವಿಡ್ ರೋಗಿಗಳಿಗೆ ಊಟ, ಔಷಧ ಒಯ್ದಿತು. ಸೋಂಕಿನ ಕೋಣೆಗೆ ನರ್ಸ್ ಹತ್ತು ಸಲ ಹೋಗುವುದು ತಪ್ಪಿತು. ಕೇರಳದ ಪೆರಾಂಬ್ರದ ನರ್ಸ್ ಲಿನಿ 2018ರಲ್ಲಿ ನಿಪಾ ರೋಗಿಯ ಶುಶ್ರೂಷೆ ಮಾಡಿ ಅದೇ ರೋಗದಿಂದ ತೀರಿಕೊಂಡದ್ದನ್ನು ನೆನೆದರೆ ಇಂಥ ಯಂತ್ರಗಳನ್ನು ಎರಡೂ ಕೈಯಿಂದ ಸ್ವಾಗತಿಸಬೇಕು. ಜಪಾನಿನಲ್ಲಿ 2015ರಲ್ಲಿ ಕರಡಿಯ ಮುಖದ ಒಂದು ರೋಬಾಟನ್ನು ರೋಗಿಯನ್ನು ಹಾಸಿಗೆಯಿಂದ ಎತ್ತಲು ಪ್ರಯೋಗವಾಗಿ ತಯಾರಿಸಿದರು. ತೂಕ 140 ಕಿಲೋ. ಮುದುಕರನ್ನು ಎತ್ತಿ ಎತ್ತಿ ನರ್ಸುಗಳ ಸೊಂಟ ಬೀಳುತ್ತದೆ. ಆ ಭಾರ ಯಂತ್ರಕ್ಕೆ ಹೋದರೆ ಸಂತೋಷವೇ.

ಹಾಗಾದರೆ ತಕರಾರು ಎಲ್ಲಿದೆ? ಉಳಿದ ಹೊತ್ತು ಯಾರ ಖಾತೆಗೆ ಜಮಾ ಆಗುತ್ತದೆ ಎಂಬಲ್ಲಿ. ಅತ್ತೆಯವರು ಆಸ್ಪತ್ರೆಯಲ್ಲಿದ್ದ ಒಂದು ರಾತ್ರಿಯ ಮಾತು. ಪಕ್ಕದ ಹಾಸಿಗೆಯ ಯಂತ್ರ ಕೂಗುತ್ತಲೇ ಇತ್ತು. ವಾರ್ಡಿನಲ್ಲಿ ಯಂತ್ರಗಳೆಲ್ಲ ಹೊಸವು, ಮಿರಿಮಿರಿ ಮಿಂಚುತ್ತಿದ್ದವು. ನರ್ಸ್ ಮಾತ್ರ ಒಬ್ಬಳೇ, ಹದಿನಾಲ್ಕು ರೋಗಿಗಳಿಗೆ. ಅವಳು ಕಂಪ್ಯೂಟರಿನಲ್ಲಿ ಏನೋ ತುಂಬುತ್ತಿದ್ದಳು. ಅದನ್ನು ತುಂಬದಿದ್ದರೆ ಬೆಳಿಗ್ಗೆ ಮೇಲಿನವರ ಬೈಗುಳ. ಎದ್ದು ಬಂದು, ಗುಂಡಿ ಒತ್ತಿ ಸದ್ದು ನಿಲ್ಲಿಸಿ, ರೋಗಿಯ ಹಣೆ ಮುಟ್ಟಿ, ಮತ್ತೆ ಓಡಿದಳು. ಯಂತ್ರ ಉಳಿಸಿಕೊಟ್ಟ ಹೊತ್ತನ್ನು ಮಾಲಕರು ಸಿಬ್ಬಂದಿ ಕಡಿಮೆ ಮಾಡಿ ತಮ್ಮ ಖಾತೆಗೆ ಹಾಕಿಕೊಂಡರೆ ರೋಗಿಗೆ ಸಿಕ್ಕಿದ್ದೇನು? 48 ಇಲ್ಲದಿದ್ದರೆ ಇಬ್ಬರಾದರೂ ಬೇಕು ಎಂದ ಶಿವಾರ್ಯರಿಗೆ ಈ ಲೆಕ್ಕ ಗೊತ್ತಿತ್ತು.

ಕೆಲಸ ಉಳಿದೀತೇ ಎಂಬುದಕ್ಕೆ ಅಂಕಿಯನ್ನೂ ಹೇಳೋಣ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ 2023ರಲ್ಲಿ ಜಗತ್ತಿನಲ್ಲಿ 2 ಕೋಟಿ 98 ಲಕ್ಷ ನರ್ಸುಗಳಿದ್ದರು. ಕೊರತೆ 58 ಲಕ್ಷ. 2030ರಲ್ಲಿಯೂ 41 ಲಕ್ಷದ ಕೊರತೆ ಉಳಿಯುತ್ತದೆಂದು ಅಂದಾಜು. ಬೇಡಿಕೆ ಇಷ್ಟಿರುವ ಪೇಟೆ ಯಾವುದಿದೆ ಎಂದು ನಾವು ಕೇಳಿದಾಗ ಭಾವನವರು ನಕ್ಕರು. ನರ್ಸಿನ ಕೈಯ ಬೆಲೆ ಬೇಡಿಕೆಯಿಂದ ಮಾತ್ರ ತಿಳಿಯುವುದಿಲ್ಲವೆಂದು ನಮಗೂ ಗೊತ್ತು, ಅವರಿಗೂ ಗೊತ್ತು. ಪ್ರವೇಶದ ಅರ್ಜಿ ತುಂಬಲು ಒಪ್ಪಿದ್ದಾರೆ. ಪೂರ್ಣ ಮನಸ್ಸಿನಿಂದ ‘ಹೂಂ’ ಎನ್ನುವುದು ಇನ್ನೂ ಬಾಕಿ ಇದೆ.

ನಮ್ಮ ಸವಿನಯ ವಿನಂತಿ

ಸಮಾಜ ಬಾಂಧವರಲ್ಲಿ ನಾವು ಕೇಳಿಕೊಳ್ಳುವುದು ಇಷ್ಟು. ನಮ್ಮ ಸಮಾಜ ಔಷಧದಾನದಲ್ಲಿ ಹಿಂದೆ ಬಿದ್ದಿಲ್ಲ. ಆಸ್ಪತ್ರೆಗಳಿಗೆ ಯಂತ್ರ ಕೊಡಿಸುತ್ತೇವೆ, ಡಯಾಲಿಸಿಸ್ ಕೋಣೆಯ ಮೇಲೆ ಹಿರಿಯರ ಹೆಸರು ಹಾಕಿಸುತ್ತೇವೆ. ಇನ್ನು ಮುಂದೆ ಒಂದು ಯಂತ್ರ ಕೊಡುವಾಗ ಅದನ್ನು ನಡೆಸುವ ನರ್ಸಿನ ಸಂಬಳದ ಮಾತನ್ನೂ ಕೇಳೋಣ. ನಮ್ಮ ಟ್ರಸ್ಟಿನ ಆಸ್ಪತ್ರೆಗಳಲ್ಲಿ ರಾತ್ರಿ ಒಬ್ಬಳ ಪಾಲಿಗೆ ಎಷ್ಟು ರೋಗಿಗಳು ಬರುತ್ತಾರೆಂದು ಸಭೆಯಲ್ಲಿ ಲೆಕ್ಕ ಕೇಳೋಣ. ಇಂಜಿನಿಯರಿಂಗಿಗೆ ಕೊಡುವ ವಿದ್ಯಾರ್ಥಿವೇತನದಲ್ಲಿ ಒಂದೆರಡನ್ನು ನರ್ಸಿಂಗ್ ಕಲಿಯುವ ಮಕ್ಕಳಿಗೂ, ಹುಡುಗರಿಗೂ ಸೇರಿಸಿ, ಇಡೋಣ. ರೋಗಿಯ ಸೇವೆ ಹೆಂಗಸರ ಕೆಲಸ ಮಾತ್ರ ಎಂದು ಉದ್ದಾಯನ ರಾಜ ತಿಳಿದಿರಲಿಲ್ಲ.

ಮನೆಗೆ ಬರುವ ನರ್ಸಿಗೆ ಚಹದ ಕಪ್ಪನ್ನು ಹಿತ್ತಿಲ ಬಾಗಿಲಲ್ಲಿ ಕೊಡುವ ರೂಢಿ ಎಲ್ಲಾದರೂ ಉಳಿದಿದ್ದರೆ ಅದನ್ನು ಬಿಟ್ಟುಬಿಡೋಣ. ಕುರ್ಚಿ ಕೊಟ್ಟು, ಹೆಸರು ಹಿಡಿದು ಮಾತಾಡಿಸೋಣ. ಹದಿನಾರು ಭಾವನೆಗಳಲ್ಲಿ ಒಂಬತ್ತನೆಯದಕ್ಕೆ ಅರ್ಘ್ಯ ಬಿಡುವ ಕೈಗಳಿಂದ ಇಷ್ಟು ಆಗದ ಕೆಲಸವೇನಲ್ಲ.